ಕಂಟ್ರೋಲರ್ ಕನೆಕ್ಟ್ ಆಗುತ್ತದೆ, ಶೂಟಿಂಗ್ ಆಟದೊಳಗೆ ಕೆಲಸ ಮಾಡುತ್ತಿಲ್ಲ. ವಾಪಸ್ ಕೊಡಲೋ, ಬೇರೆ ಯಾವುದು ತಗೊಳ್ಳಲಿ?

ಮಂಡ್ಯ_ಶೂಟರ್:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಮೈಸೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ದಿನಾ ರೈಲಿನಲ್ಲೇ ಓಡಾಟ. ಆಡುವುದು ಎರಡು ಆಟ. ರೈಲಿನಲ್ಲಿ ಕಾಲ್ ಆಫ್ ಡ್ಯೂಟಿ ಮೊಬೈಲ್, ರಾತ್ರಿ ಊರಿನ ಹುಡುಗರ ಜೊತೆ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ).

ನನ್ನ ತೊಂದರೆ ಏನೆಂದರೆ ಬೆರಳು ತುಂಬಾ ಬೆವರುತ್ತದೆ. ಹೆಬ್ಬೆರಳು ಸ್ಕ್ರೀನ್ ಮೇಲೆ ಅಂಟಿಕೊಂಡು ಗುರಿ ತಪ್ಪುತ್ತದೆ. ಅದಕ್ಕೇ ಹೋದ ಭಾನುವಾರ ಮೈಸೂರಿನ ಒಂದು ಅಂಗಡಿಯಲ್ಲಿ 1,450 ರೂಪಾಯಿ ಕೊಟ್ಟು ಬ್ಲೂಟೂತ್ ಕಂಟ್ರೋಲರ್ ತಗೊಂಡೆ. ಫೋನನ್ನು ಮೇಲೆ ಸಿಕ್ಕಿಸಲು ಕ್ಲಿಪ್ ಕೂಡ ಕೊಟ್ಟರು. "ಎಲ್ಲಾ ಗೇಮ್‌ಗೂ ಆಗುತ್ತೆ" ಅಂದರು.

ಮನೆಗೆ ಬಂದು ಹಾಕಿದರೆ ಬ್ಲೂಟೂತ್‌ನಲ್ಲಿ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ. ಹೋಮ್ ಸ್ಕ್ರೀನ್‌ನಲ್ಲಿ ಅದರ ಸ್ಟಿಕ್ (ಹೆಬ್ಬೆರಳಲ್ಲಿ ತಿರುಗಿಸುವ ಕಡ್ಡಿ) ತಿರುಗಿಸಿದರೆ ಆಪ್‌ನಿಂದ ಆಪ್‌ಗೆ ಹೋಗುತ್ತದೆ. ಒಂದು ಕಾರ್ ರೇಸ್ ಆಟದಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಲ್ ಆಫ್ ಡ್ಯೂಟಿಯಲ್ಲಿ ಮಾತ್ರ ಏನೂ ಆಗುವುದಿಲ್ಲ. ಬಿಜಿಎಂಐನಲ್ಲೂ ಇಲ್ಲ.

ಫೋನ್ ಆಂಡ್ರಾಯ್ಡ್ 13, ಟೈಪ್-ಸಿ, 6.7 ಇಂಚು. ಏಳು ದಿನದೊಳಗೆ ಬದಲಾಯಿಸಿ ಕೊಡುತ್ತೇವೆ ಅಂದಿದ್ದಾರೆ, ಇವತ್ತಿಗೆ ಮೂರು ದಿನ ಆಯಿತು. ಇನ್ನೂ ಸ್ವಲ್ಪ ದುಡ್ಡು ಹಾಕಬಲ್ಲೆ, ಒಟ್ಟು 3,500 ದಾಟಬಾರದು. ದಯವಿಟ್ಟು ದಾರಿ ಹೇಳಿ.

ಒಂಟಿಕೊಪ್ಪಲ್_ಅಣ್ಣ:

ತಮ್ಮಾ, ಎರಡು ಆಟಕ್ಕೂ ಒಂದೇ ಉತ್ತರ ಇಲ್ಲ. ಬೇರೆ ಬೇರೆ ಹೇಳುತ್ತೇನೆ.

ಕಾಲ್ ಆಫ್ ಡ್ಯೂಟಿ ಮೊಬೈಲ್ 2019ರ ಅಕ್ಟೋಬರ್ 1ರಂದು ಬಂತು. ಅದೇ ವರ್ಷ ನವೆಂಬರ್‌ನಲ್ಲಿ ಕಂಟ್ರೋಲರ್‌ಗೆ ಅವಕಾಶ ಕೊಟ್ಟರು. ಆದರೆ ಸಿಕ್ಕ ಸಿಕ್ಕ ಕಂಟ್ರೋಲರ್‌ಗೆ ಅಲ್ಲ. ಅವರು ಆಗ ಹೆಸರಿಸಿ ಒಪ್ಪಿದ್ದು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ನ ಅಸಲಿ ಕಂಟ್ರೋಲರ್‌ಗಳನ್ನು. ನಿನ್ನದು ಫೋನಿಗೆ ತನ್ನನ್ನು 'ಸಾಮಾನ್ಯ ಗೇಮ್‌ಪ್ಯಾಡ್' ಅಂತ ಪರಿಚಯ ಮಾಡಿಕೊಂಡಿರಬೇಕು. ಆಂಡ್ರಾಯ್ಡ್ ಅದನ್ನು ಒಪ್ಪುತ್ತದೆ, ರೇಸ್ ಆಟವೂ ಒಪ್ಪುತ್ತದೆ, ಈ ಆಟ ಒಪ್ಪುವುದಿಲ್ಲ. ಕೆಟ್ಟು ಹೋಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡ.

ಇಷ್ಟು ನೋಡಿ ಹೇಳು:

ಬ್ಲೂಟೂತ್ ಪಟ್ಟಿಯಲ್ಲಿ ಯಾವ ಹೆಸರು ಬರುತ್ತಿದೆ?

ಡಬ್ಬಿಯೊಳಗಿನ ಚಿಕ್ಕ ಚೀಟಿಯಲ್ಲಿ ಹೋಮ್ ಬಟನ್ ಜೊತೆ ಬೇರೆ ಬೇರೆ ಬಟನ್ ಒತ್ತಿ ಆನ್ ಮಾಡುವ ವಿಧಾನ ಇದೆಯಾ? ಅವೇ ಮೋಡ್‌ಗಳು.

ಬ್ರೌಸರ್‌ನಲ್ಲಿ 'ಗೇಮ್‌ಪ್ಯಾಡ್ ಟೆಸ್ಟರ್' ಅಂತ ಹುಡುಕಿ ಒಂದು ಪುಟ ತೆರೆ. ಸ್ಟಿಕ್ ಮುಟ್ಟದೆ ಬಿಟ್ಟಾಗ ಯಾವ ಅಂಕಿ ತೋರಿಸುತ್ತದೆ ಅಂತ ಬರೆ (ಸರಿಯಾಗಿ ನಡುವಿನಲ್ಲಿದ್ದರೆ 0).

ಇನ್ನು ಬಿಜಿಎಂಐ. ಅದರಲ್ಲಿ ಕಂಟ್ರೋಲರ್‌ಗೆ ಅಧಿಕೃತ ಬೆಂಬಲವೇ ಇಲ್ಲ. ಎಷ್ಟೇ ದುಬಾರಿ ಕಂಟ್ರೋಲರ್ ತಂದರೂ ಇಲ್ಲ. ಹಾಗಾಗಿ ಅದಕ್ಕೋಸ್ಕರ ಒಂದು ರೂಪಾಯಿಯನ್ನೂ ಹಾಕಬೇಡ.

ಮಂಡ್ಯ_ಶೂಟರ್:

ಅಣ್ಣ, ನೋಡಿದೆ. ಹೆಸರು ಬರೀ 'ಗೇಮ್‌ಪ್ಯಾಡ್' ಅಂತ ಬರುತ್ತಿದೆ. ಚೀಟಿಯಲ್ಲಿ ನಾಲ್ಕು ಮೋಡ್ ಇದೆ. ಅಕ್ಷರ ಸಣ್ಣದು, ಪೂರ್ತಿ ಅರ್ಥ ಆಗಲಿಲ್ಲ. ಟೆಸ್ಟರ್‌ನಲ್ಲಿ ಎಡ ಸ್ಟಿಕ್ 0.02. ಬಲ ಸ್ಟಿಕ್ ಮುಟ್ಟದೇ ಇದ್ದರೂ 0.12, ಕೆಲವು ಸಲ 0.14. ಇದು ಸರಿನಾ?

ಬಿಜಿಎಂಐಗೆ ಒಂದು ಆಪ್ ಹಾಕಿದರೆ ಬಟನ್ ಒತ್ತಿದ್ದನ್ನು ಸ್ಕ್ರೀನ್ ಮುಟ್ಟಿದ ಹಾಗೆ ಮಾಡುತ್ತದಂತೆ. ಗೆಳೆಯ ಹಾಕಿಕೊಡುತ್ತೇನೆ ಅಂದ. ಹಾಕಲಾ?

ಒಂಟಿಕೊಪ್ಪಲ್_ಅಣ್ಣ:

ಬೇಡ. ಖಂಡಿತ ಬೇಡ.

ಆ ಥರದ ಹಲವು ಮ್ಯಾಪಿಂಗ್ ಆಪ್‌ಗಳಿಗೆ ಡೆವಲಪರ್ ಆಯ್ಕೆ ತೆರೆದು ಯುಎಸ್‌ಬಿ ಡಿಬಗ್ಗಿಂಗ್ (ಹೊರಗಿನಿಂದ ಫೋನಿಗೆ ಆಜ್ಞೆ ಕೊಡಲು ಬಿಡುವ ಸೆಟ್ಟಿಂಗ್) ಆನ್ ಮಾಡಬೇಕಾಗುತ್ತದೆ. ಬ್ಯಾಂಕ್ ಆಪ್, ಯುಪಿಐ ಇರುವ ಫೋನಿನಲ್ಲಿ ಗೊತ್ತಿಲ್ಲದ ಆಪ್‌ಗೆ ಅಷ್ಟು ಅಧಿಕಾರ ಕೊಡುವುದು ಸರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಎದುರಿನವನು ಬೆರಳಲ್ಲಿ ಆಡುತ್ತಿರುವಾಗ ನೀನು ಆಟಕ್ಕೆ ತಿಳಿಯದ ಹಾಗೆ ಕಂಟ್ರೋಲರ್ ಹಿಡಿದರೆ ಅದು ಮೋಸ. ಖಾತೆ ಬ್ಯಾನ್ ಆಗುವ ಅಪಾಯವೂ ಇದೆ. ಎಷ್ಟು ವರ್ಷ ಆಡಿ ಕೂಡಿಸಿದ ಖಾತೆ ಅದು, ಯೋಚನೆ ಮಾಡು. ಕೆಲವು ಕಂಟ್ರೋಲರ್‌ಗಳ ಒಳಗೇ ಇಂಥ 'ಟಚ್ ಮೋಡ್' ಇರುತ್ತದೆ. ನಿನ್ನ ನಾಲ್ಕು ಮೋಡ್‌ನಲ್ಲಿ ಒಂದು ಅದೇ ಇರಬಹುದು. ಅದನ್ನೂ ಮುಟ್ಟಬೇಡ.

ಕಾಲ್ ಆಫ್ ಡ್ಯೂಟಿಯಲ್ಲಿ ಈ ಗೊಂದಲ ಇಲ್ಲ. ಮಲ್ಟಿಪ್ಲೇಯರ್‌ನಲ್ಲಿ ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್‌ನವರ ಜೊತೆಗೇ ಸೇರಿಸುವ ಏರ್ಪಾಡು ಮಾಡಿದ್ದಾರೆ. ಅದು ನ್ಯಾಯ.

ಈಗ ಹೀಗೆ ಮಾಡು. ಮೊದಲು ಫೋನಿನ ಬ್ಲೂಟೂತ್ ಪಟ್ಟಿಯಿಂದ ಆ 'ಗೇಮ್‌ಪ್ಯಾಡ್' ಅನ್ನು ಪೂರ್ತಿ ತೆಗೆದುಹಾಕು. ಬರೀ ಡಿಸ್ಕನೆಕ್ಟ್ ಮಾಡಿದರೆ ಸಾಲದು, ಫೋನ್ ಹಳೇ ಪರಿಚಯವನ್ನೇ ನೆನಪಿಟ್ಟುಕೊಂಡಿರುತ್ತದೆ. ಕಂಟ್ರೋಲರ್ ಆಫ್ ಮಾಡಿ, ಚೀಟಿಯಲ್ಲಿರುವ ಬೇರೆ ಮೋಡ್‌ನಲ್ಲಿ ಆನ್ ಮಾಡು. ಪ್ಲೇಸ್ಟೇಷನ್ 4 ಮೋಡ್ ಆದರೆ ಹೆಸರು 'ವೈರ್‌ಲೆಸ್ ಕಂಟ್ರೋಲರ್' ಅಂತ ಬರುತ್ತದೆ. ಎಕ್ಸ್‌ಬಾಕ್ಸ್ ಆದರೆ ಆ ಹೆಸರೇ ಬರುತ್ತದೆ. ಆಮೇಲೆ ಆಟದ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಭಾಗಕ್ಕೆ ಹೋಗಿ ಬೆಂಬಲ ಆನ್ ಮಾಡು. ಲಾಬಿಯಲ್ಲಿ (ಪಂದ್ಯ ಶುರುವಾಗುವ ಮುಂಚಿನ ಪುಟ) ಸ್ಟಿಕ್ ತಿರುಗಿಸಿ ಏನೂ ಆಗಲಿಲ್ಲ ಅಂತ ಬಿಡಬೇಡ, ಪಂದ್ಯದ ಒಳಗೆ ಹೋಗಿ ನೋಡು.

ಬಲ ಸ್ಟಿಕ್‌ನ 0.12 ಮಾತ್ರ ನನಗೆ ಹಿಡಿಸಲಿಲ್ಲ. ರಿಪೇರಿ ಮಾಡುವವರು ಯಾರಾದರೂ ಇದ್ದರೆ ಹೇಳಿ.

ಸೋಲ್ಡರಿಂಗ್_ಸುಭಾಷ್‌ನಗರ:

ನಾನು ಮಂಡ್ಯದಲ್ಲಿ ರಿಮೋಟು, ಕಂಟ್ರೋಲರು ರಿಪೇರಿ ಮಾಡುತ್ತೇನೆ. ಅದನ್ನು ಡ್ರಿಫ್ಟ್ ಅಂತಾರೆ. 0.02, 0.03 ಇದ್ದರೆ ಸಹಜ. ಮೂರು ದಿನದ ಹೊಸ ಮಾಲು 0.12 ತೋರಿಸಿದರೆ ಅದು ದೋಷವೇ. ಶೂಟಿಂಗ್ ಆಟದಲ್ಲಿ ಬಲ ಸ್ಟಿಕ್ ಅಂದರೆ ನಿಮ್ಮ ಗುರಿ. ಕೈ ಬಿಟ್ಟರೂ ಬಂದೂಕು ತಾನೇ ಪಕ್ಕಕ್ಕೆ ಜಾರುತ್ತಾ ಇರುತ್ತದೆ.

ಕಾರಣ ಹೇಳುತ್ತೇನೆ. ಸಾಮಾನ್ಯ ಸ್ಟಿಕ್ ಒಳಗೆ ರೇಡಿಯೋದ ವಾಲ್ಯೂಮ್ ತಿರುಗಣೆಯ ಥರದ್ದೇ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ. ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಉಜ್ಜಿ ಉಜ್ಜಿ ಸವೆಯುತ್ತದೆ, ಧೂಳು ಸೇರುತ್ತದೆ, ನಡುಬಿಂದು ತಪ್ಪುತ್ತದೆ. ಅಗ್ಗದ ಮಾಲಿನಲ್ಲಿ ಜೋಡಿಸುವಾಗಲೇ ತಪ್ಪಿರುತ್ತದೆ. ಬದಲಾಯಿಸಬೇಕಾದರೆ ಒಂದು ಸ್ಟಿಕ್‌ಗೆ 14 ಕಡೆ ಸೋಲ್ಡರ್ ಬಿಚ್ಚಬೇಕು. 1,450 ರೂಪಾಯಿ ಮಾಲಿಗೆ ಆ ಖರ್ಚು ದಂಡ.

ಹಾಲ್ ಎಫೆಕ್ಟ್ ಸ್ಟಿಕ್ ಅಂತ ಬರುತ್ತದೆ. ಅದರಲ್ಲಿ ಉಜ್ಜುವ ಭಾಗವೇ ಇಲ್ಲ. ಅಯಸ್ಕಾಂತ ಅಲುಗಿದ್ದನ್ನು ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಹೊಸದೇನಲ್ಲ ಇದು, 1998ರಲ್ಲಿ ಜಪಾನಿನಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇತ್ತು. ದುಡ್ಡು ಹಾಕುವುದಾದರೆ ಹಾಲ್ ಎಫೆಕ್ಟ್ ಇರುವುದಕ್ಕೇ ಹಾಕಿ. ಬಣ್ಣದ ಲೈಟು, ವೈಬ್ರೇಷನ್ ಇವಕ್ಕೆಲ್ಲ ಬೇಡ. ನನ್ನ ಮೇಜಿಗೆ ಬರುವ ಕಂಟ್ರೋಲರ್‌ಗಳಲ್ಲಿ ಜಾಸ್ತಿ ಬರುವುದು ಸ್ಟಿಕ್ ಹೋದವೇ.

ಮಂಡ್ಯ_ಶೂಟರ್:

ಅಣ್ಣಂದಿರಾ, ಮೋಡ್ ಬದಲಾಯಿಸಿದ ಮೇಲೆ 'ವೈರ್‌ಲೆಸ್ ಕಂಟ್ರೋಲರ್' ಅಂತ ಬಂತು! ಕಾಲ್ ಆಫ್ ಡ್ಯೂಟಿ ಹಿಡಿಯಿತು! ತುಂಬಾ ಖುಷಿ ಆಯಿತು.

ಆದರೆ ಎರಡು ತೊಂದರೆ. ಸುಭಾಷ್‌ನಗರದ ಅಣ್ಣ ಹೇಳಿದ ಹಾಗೇ ಗುರಿ ಬಲಕ್ಕೆ ಜಾರುತ್ತದೆ. ಡೆಡ್‌ಝೋನ್ (ಸ್ಟಿಕ್ ಸ್ವಲ್ಪ ಅಲುಗಿದರೂ ಆಟ ಲೆಕ್ಕಕ್ಕೆ ತಗೊಳ್ಳದ ನಡುಭಾಗ) ಜಾಸ್ತಿ ಮಾಡಿದರೆ ಜಾರುವುದು ನಿಲ್ಲುತ್ತದೆ, ಆದರೆ ಆಗ ಸಣ್ಣದಾಗಿ ಗುರಿ ಸರಿಪಡಿಸಲು ಆಗುವುದಿಲ್ಲ. ಇನ್ನೊಂದು, ಬಟನ್ ಒತ್ತಿದ ಮೇಲೆ ಸ್ವಲ್ಪ ತಡವಾಗಿ ಗುಂಡು ಹಾರಿದ ಹಾಗೆ ಅನ್ನಿಸುತ್ತದೆ. ಇಯರ್‌ಬಡ್ಸ್ ಹಾಕಿಕೊಂಡು ಮನೆಯ ವೈಫೈಯಲ್ಲಿ ಆಡಿದ್ದು. ರೈಲಿನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಇನ್ನೂ ಜಾಸ್ತಿ.

ಸರಸ್ವತಿಪುರಂ_ಸ್ನೈಪರ್:

ತಡ ಆಗುವ ವಿಷಯ ನಾನು ಹೇಳುತ್ತೇನೆ, ಇದರಲ್ಲಿ ನಾನೂ ತುಂಬಾ ದಿನ ಒದ್ದಾಡಿದ್ದೇನೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆದಾಗ ಕಾಲ್ ಆಫ್ ಡ್ಯೂಟಿಗೆ ಬಂದವಳು ನಾನು. ತಮ್ಮನ ಪ್ಲೇಸ್ಟೇಷನ್ 4 ಕಂಟ್ರೋಲರ್‌ನಲ್ಲೇ ಆಡುವುದು.

ರೈಲಿನ ತಡ ಬೇರೆ, ಕಂಟ್ರೋಲರ್ ತಡ ಬೇರೆ. ರೈಲು ಓಡುವಾಗ ಫೋನ್ ಟವರ್‌ನಿಂದ ಟವರ್‌ಗೆ ಹಾರುತ್ತಾ ಇರುತ್ತದೆ, ಪಿಂಗ್ (ಆಟದ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಏರುತ್ತದೆ. ಆಟದಲ್ಲಿ ಪಿಂಗ್ ಅಂಕಿ ಕಾಣುತ್ತದಲ್ವಾ, ಅದನ್ನು ನೋಡಿ. ಪಿಂಗ್ ಚೆನ್ನಾಗಿದ್ದೂ ಬಟನ್ ತಡ ಅನ್ನಿಸಿದರೆ ಮಾತ್ರ ಕಂಟ್ರೋಲರ್ ಮೇಲೆ ಅನುಮಾನ ಪಡಿ.

ಮನೆಯಲ್ಲಿ ಆಗುತ್ತಿರುವುದಕ್ಕೆ ಕಾರಣ ನಿಮ್ಮ ಮಾತಿನಲ್ಲೇ ಇದೆ. ಕಂಟ್ರೋಲರ್ ಬ್ಲೂಟೂತ್, ಇಯರ್‌ಬಡ್ಸ್ ಬ್ಲೂಟೂತ್, ವೈಫೈ ಬಹುಶಃ 2.4 ಗಿಗಾಹರ್ಟ್ಸ್. ಬ್ಲೂಟೂತ್ ಓಡುವುದೂ ಅದೇ 2.4ರಲ್ಲಿ. ಮೂರೂ ಒಂದೇ ಓಣಿಯಲ್ಲಿ ನುಗ್ಗಿದ ಹಾಗೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ವೈರ್ ಇರುವ ಇಯರ್‌ಫೋನ್ ಹಾಕಿ. ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ಶಬ್ದ 100 ಮಿಲಿಸೆಕೆಂಡ್‌ಗಿಂತ ಜಾಸ್ತಿ ತಡವಾಗಿ ಬರುವುದು ಸಾಮಾನ್ಯ. ನೀವು ಗುಂಡು ತಡ ಅಂದುಕೊಂಡಿದ್ದು ಗುಂಡಿನ ಸದ್ದು ತಡ ಆಗಿದ್ದೂ ಇರಬಹುದು. ಹೆಜ್ಜೆ ಸದ್ದಿಗೂ ಇದೇ ಗತಿ, ಶತ್ರು ಬಾಗಿಲು ದಾಟಿದ ಮೇಲೆ ಕೇಳಿಸುತ್ತದೆ.

ಇನ್ನು ಯಾವುದು ತಗೊಳ್ಳುವುದು. ಅಸಲಿ ಕಂಟ್ರೋಲರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಗುರುತು ಗೊತ್ತಿರಲಿ. ಪ್ಲೇಸ್ಟೇಷನ್ 4ರದಾದರೆ 2016ರ ನಂತರದ ಎರಡನೇ ಮಾದರಿ ಬೇಕು. ಅದರ ಟಚ್‌ಪ್ಯಾಡ್‌ನ ಮೇಲಂಚಿನಲ್ಲಿ ಬೆಳಕಿನ ಸಣ್ಣ ಗೆರೆ ಕಾಣುತ್ತದೆ. ಹಳೆಯದರಲ್ಲಿ ಆ ಗೆರೆ ಇಲ್ಲ, ಮೊದಲ ಮಾದರಿಯನ್ನು ಆಟದವರು ಪಟ್ಟಿಯಿಂದ ಹೊರಗಿಟ್ಟಿದ್ದರು. ಎಕ್ಸ್‌ಬಾಕ್ಸ್ ಒನ್ ಆದರೆ ಲೋಗೋ ಬಟನ್ ಸುತ್ತ ಇರುವ ಪ್ಲಾಸ್ಟಿಕ್ ನೋಡಿ. ಅದು ಮುಂಭಾಗದ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದೆ. ಹೊಳೆಯುವ ಬೇರೆ ತುಂಡಾಗಿದ್ದರೆ ಇಲ್ಲ, ಫೋನಿಗೆ ಕನೆಕ್ಟ್ ಆಗುವುದೇ ಇಲ್ಲ. ಪ್ಲೇಸ್ಟೇಷನ್ ಹೆಸರಿನಲ್ಲಿ ನಕಲಿ ತುಂಬಾ ಇವೆ, ತುಂಬಾ ಅಗ್ಗ ಅಂದರೆ ಬಿಟ್ಟುಬಿಡಿ.

ಒಂಟಿಕೊಪ್ಪಲ್_ಅಣ್ಣ:

ಅಕ್ಕ ಹೇಳಿದ್ದು ಮನೆಯಲ್ಲಿ ಆಡುವವರಿಗೆ ಸರಿ. ಆದರೆ ಈ ಹುಡುಗ ಆಡುವುದು ರೈಲಿನಲ್ಲಿ. ಬೆಳಗಿನ ಮಂಡ್ಯ-ಮೈಸೂರು ರೈಲಿನ ರಶ್ ನಮಗೆಲ್ಲ ಗೊತ್ತು. ಕ್ಲಿಪ್‌ನಲ್ಲಿ ಫೋನ್ ಮೇಲೆ ನಿಂತಿರುತ್ತದೆ, ಭಾರವೆಲ್ಲ ಮೇಲೆ. ಪಕ್ಕದವರ ಮೊಣಕೈ ತಾಗಿದರೆ ಫೋನ್ ಕೆಳಗೆ.

ನನ್ನ ಮಾತು ಕೇಳಿದರೆ ಎರಡೂ ಕಡೆಯಿಂದ ಫೋನನ್ನು ಹಿಡಿದುಕೊಳ್ಳುವ ಟೆಲಿಸ್ಕೋಪಿಕ್ ಕಂಟ್ರೋಲರ್ ನೋಡು. ಬ್ಯಾಕ್‌ಬೋನ್, ರೇಜರ್ ಕಿಶಿ, ಗೇಮ್‌ಸರ್ ಇವೆಲ್ಲ ಆ ಜಾತಿಯವು. ಟೈಪ್-ಸಿ ಇರುವುದೇ ಬೇಕು. ನೇರ ತೂರಿಸುವುದರಿಂದ ಬ್ಲೂಟೂತ್ ರಗಳೆ ಇಲ್ಲ, ಪೇರಿಂಗ್ ಇಲ್ಲ, ಹೆಚ್ಚಿನವಕ್ಕೆ ಬೇರೆ ಚಾರ್ಜ್ ಮಾಡುವ ಗೋಜೂ ಇಲ್ಲ. ನಿನ್ನ ಬಜೆಟ್‌ನಲ್ಲಿ ಎಲ್ಲವೂ ಬರಲ್ಲ. ಬರುವುದರಲ್ಲಿ ಹಾಲ್ ಎಫೆಕ್ಟ್ ಇರುವುದನ್ನು ಹುಡುಕು.

ಅಂಗಡಿಗೆ ಹೋಗುವ ಮುಂಚೆ ಫೋನಿನ ಉದ್ದವನ್ನು ಮಿಲಿಮೀಟರ್‌ನಲ್ಲಿ ಅಳೆದುಕೋ. ಇಂಚಿನ ಲೆಕ್ಕ ಸ್ಕ್ರೀನಿನದು, ಇಲ್ಲಿ ಬೇಕಾಗಿರುವುದು ಫೋನಿನ ಪೂರ್ತಿ ಉದ್ದ. ಕವರ್ ತೆಗೆಯಬೇಕಾಗಬಹುದು. ಹಿಂದಿನ ಕ್ಯಾಮೆರಾ ಉಬ್ಬು ಕಂಟ್ರೋಲರ್‌ನ ಬೆನ್ನಿಗೆ ತಾಗುತ್ತದಾ ನೋಡು. ಟೈಪ್-ಸಿ ತೂತು ಕಂಟ್ರೋಲರ್‌ಗೆ ಹೋಗಿಬಿಡುತ್ತದೆ, ಹಾಗಾಗಿ ಅದರಲ್ಲಿ ಚಾರ್ಜಿಂಗ್ ತೂತು ಮತ್ತು 3.5 ಎಂಎಂ ಇಯರ್‌ಫೋನ್ ತೂತು ಇದೆಯಾ ಕೇಳು.

ಎಲ್ಲಕ್ಕಿಂತ ಮುಖ್ಯ, ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿನ್ನ ಫೋನಿಗೆ ಹಾಕಿ ಕಾಲ್ ಆಫ್ ಡ್ಯೂಟಿ ತೆರೆದು ಅಭ್ಯಾಸದ ಪಂದ್ಯ ಆಡು. ಟೆಸ್ಟರ್ ಪುಟದಲ್ಲಿ ಎರಡೂ ಸ್ಟಿಕ್ ಸುತ್ತಿಸಿ ಬಿಟ್ಟು ಅಂಕಿ ನೋಡು. ಹತ್ತು ನಿಮಿಷದ ಕೆಲಸ. ಅಂಗಡಿಯವರು ಬೇಡ ಅಂದರೆ ಆ ಅಂಗಡಿಯೇ ಬೇಡ.

ಬಿಜಿಎಂಐಗೆ ಬೆರಳೇ ಸರಿ, ಜೊತೆಗೆ ಗೈರೋಸ್ಕೋಪ್ ಆನ್ ಮಾಡು. ಫೋನ್ ವಾಲಿಸಿದರೆ ಗುರಿ ಸರಿಯುತ್ತದೆ, ಹೆಬ್ಬೆರಳಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಮೊದಲು ಸ್ಕೋಪ್ ತೆರೆದಾಗ ಮಾತ್ರ ಇಟ್ಟು ಅಭ್ಯಾಸ ಮಾಡು. ಒಂದು ವಾರ ಕೈ ತಬ್ಬಿಬ್ಬಾಗುತ್ತದೆ, ಬಿಡಬೇಡ. ಬೆವರಿಗೆ ಬೆರಳಿಗೆ ಹಾಕುವ ಬಟ್ಟೆಯ ಕವಚ ಸಿಗುತ್ತದೆ, ಅದರಲ್ಲಿ ವಿದ್ಯುತ್ ಹರಿಯುವ ನೂಲು ಇರುವುದರಿಂದ ಸ್ಕ್ರೀನ್ ಬೆರಳನ್ನು ಗುರುತಿಸುತ್ತದೆ. ಒಗೆದು ಒಣಗಿಸಿ ಹಾಕಿಕೋ.

ಮಂಡ್ಯ_ಶೂಟರ್:

ಇವತ್ತು ಕಾಲೇಜು ಮುಗಿಸಿ ಅಂಗಡಿಗೆ ಹೋಗಿದ್ದೆ. ಟೆಸ್ಟರ್‌ನಲ್ಲಿ 0.12 ತೋರಿಸಿದೆ, ಮಾತಾಡದೆ ಹಳೇದು ವಾಪಸ್ ತಗೊಂಡರು. 1,900 ಸೇರಿಸಿ ಟೈಪ್-ಸಿ ಟೆಲಿಸ್ಕೋಪಿಕ್ ತಗೊಂಡೆ, ಹಾಲ್ ಎಫೆಕ್ಟ್ ಇದೆ. ಮೊದಲು ತೋರಿಸಿದ ಮಾಡೆಲ್‌ಗೆ ನನ್ನ ಫೋನ್ ಕೂರಲೇ ಇಲ್ಲ, ಉದ್ದ ಅಳೆದುಕೊಂಡು ಹೋಗಿದ್ದು ಒಳ್ಳೇದಾಯಿತು. ಎರಡೂ ಸ್ಟಿಕ್ 0.00. ಅಂಗಡಿಯಲ್ಲೇ ಒಂದು ಪಂದ್ಯ ಆಡಿದೆ, ಆಟ ತಕ್ಷಣ ಹಿಡಿಯಿತು.

ಒಂದೇ ಪ್ರಶ್ನೆ ಉಳಿದಿದೆ. ರೈಲಿನಲ್ಲಿ ಸ್ವಲ್ಪ ಹೊತ್ತು ಆಡದೆ ಬಿಟ್ಟರೆ ಕಂಟ್ರೋಲರ್ ಸತ್ತ ಹಾಗೆ ಆಗುತ್ತದೆ. ಕಿತ್ತು ಹಾಕಿದರೂ ಬರಲ್ಲ.

ಸೋಲ್ಡರಿಂಗ್_ಸುಭಾಷ್‌ನಗರ:

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ (ಟೈಪ್-ಸಿ ತೂತಿಗೆ ಹಾಕಿದ ಸಾಧನವನ್ನು ಫೋನ್ ಬಳಸಲು ಬಿಡುವ ಆಯ್ಕೆ) ಅಂತ ಹುಡುಕಿ. ಕೆಲವು ಫೋನ್‌ಗಳಲ್ಲಿ ಅದು ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ಆನ್ ಮಾಡಿ ನೋಡಿ. ಮೇಲಿಂದ ಎಳೆಯುವ ಪಟ್ಟಿಗೆ ಅದರ ಬಟನ್ ಸೇರಿಸಿಕೊಂಡರೆ ಪ್ರತಿ ಸಲ ಹುಡುಕುವುದು ತಪ್ಪುತ್ತದೆ.

ಮಂಡ್ಯ_ಶೂಟರ್:

ಅದೇ ಅಣ್ಣ! ಒಟಿಜಿ ಆಫ್ ಆಗಿತ್ತು. ಈಗ ಪಾಂಡವಪುರ ದಾಟಿದೆ, ಆಡುತ್ತಾ ಇದ್ದೇನೆ. ರಾತ್ರಿ ಬಿಜಿಎಂಐನಲ್ಲಿ ಗೈರೋ ಶುರು ಮಾಡುತ್ತೇನೆ.