ರಿಮಟಾರಾ ಲೊರಿಕೀಟ್: ಮಕರಂದ ಕುಡಿಯೋ ಗಿಳಿಗೆ ಇಲಿ ಕಾಟ ಹೇಗೆ?

ಪ್ರಶ್ನೆ (ಚಿಕ್ಕಬಳ್ಳಾಪುರ):
ನಮ್ಮ ಕಡೆ ಗಿಳಿ ಅಂದ್ರೆ ಜೋಳದ ತೆನೆ, ಸೀಬೆಹಣ್ಣು ಕೊರೆಯೋದು. ಪೆಸಿಫಿಕ್‌ನ ಈ ಗಿಳಿ ಬರೀ ಮಕರಂದದಲ್ಲೇ ಬದುಕುತ್ತಾ? ಇಲಿ ಏನು ಮಾಡುತ್ತೆ?

ಉತ್ತರ (ಕೋಲಾರ):
ಮಕರಂದ ಒಂದೇ ಸಾಲದು ಸರ್. ಅದರಲ್ಲಿರೋದು ಸಕ್ಕರೆ, ಪ್ರೋಟೀನ್ ಸಿಗೋದು ಪರಾಗದಿಂದ. ನಾಲಿಗೆ ತುದಿಯಲ್ಲಿ ಬ್ರಷ್‌ನಂಥ ಸಣ್ಣ ಎಳೆಗಳಿವೆ. ಹೂವಿಗೆ ಒತ್ತಿದಾಗ ಅವು ನೆಟ್ಟಗೆ ನಿಂತು ರಸ, ಪರಾಗ ಎರಡನ್ನೂ ಒರೆಸಿಕೊಳ್ಳುತ್ತವೆ. ಹಕ್ಕಿ ಸುಮಾರು 19 ಸೆಂ.ಮೀ., ಎದೆ ಕಡುಗೆಂಪು, ಬೆನ್ನು ಹಸಿರು.

ಉತ್ತರ (ತಿಪಟೂರು):
ತೆಂಗಿನ ಸುಳಿಯಲ್ಲಿ ಗೂಡು ಕಟ್ಟಿ ಎಳೆಕಾಯಿ ಕೊರೆಯೋ ಇಲಿ ಗೊತ್ತಲ್ಲ, ಅದೇ ಕಪ್ಪು ಇಲಿ. ಲೊರಿಕೀಟ್ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತೆ. ಈ ಇಲಿ ಮರ ಹತ್ತಿ ಮೊಟ್ಟೆ, ಮರಿ ತಿನ್ನುತ್ತೆ. ಪುಟ್ಟ ಪೆಸಿಫಿಕ್ ಇಲಿ ಈ ಗಿಳಿಯ ತವರು ದ್ವೀಪ ರಿಮಟಾರಾದಲ್ಲೂ ಇದೆ, ಅದರ ಜತೆ ಗಿಳಿ ಉಳಿದುಕೊಂಡಿದೆ. ಕಪ್ಪು ಇಲಿ ಇಲ್ಲದ, ಕುಕ್ ದ್ವೀಪಗಳಲ್ಲಿರೋ ಅಟಿಯುಗೆ 2007ರಲ್ಲಿ ರಿಮಟಾರಾದಿಂದ 27 ಹಕ್ಕಿ ಸಾಗಿಸಿದ್ದು ಅದಕ್ಕೇ.

ಪ್ರಶ್ನೆ:
ಕಾಂಡಕ್ಕೆ ತಗಡು ಸುತ್ತಿದ್ರೆ ಆಗಲ್ವಾ?

ಉತ್ತರ (ತಿಪಟೂರು):
ನೆಲದಿಂದ 2 ಮೀಟರ್ ಮೇಲೆ 40 ಸೆಂ.ಮೀ. ಅಗಲದ ತಗಡು ಸುತ್ತಿದ್ರೆ ಇಲಿ ಜಾರುತ್ತೆ. ಆದ್ರೆ ಗರಿಗೆ ಗರಿ ತಾಗೋ ತೋಟದಲ್ಲಿ ಪಕ್ಕದ ಮರದಿಂದ ದಾಟಿಬಿಡುತ್ತೆ. ದ್ವೀಪಕ್ಕೆ ಬರೋ ಹಡಗಿನ ಸರಕಲ್ಲೇ ಇಲಿ ತಡೀಬೇಕು.

ಉತ್ತರ (ಕೋಲಾರ):
ಅಟಿಯುನಲ್ಲಿ ಇನ್ನೊಂದು ತೊಂದರೆ ನಮ್ಮ ಗೊರವಂಕ. ಅಲ್ಲಿಗೆ ಮನುಷ್ಯರೇ ಒಯ್ದು ಬಿಟ್ಟಿದ್ದು. ಲೊರಿಕೀಟ್ ಗೂಡಿಗೆ ಕಾಟ ಕೊಡುತ್ತೆ ಅಂತ ಅದನ್ನೂ ತೆಗೆಯಬೇಕಾಯ್ತು.