ಸಾಲಮೇಳ ಅಲ್ಲ ಚಿಕ್ಕಪ್ಪ, ಸ್ವಲ್ಪ ಕೇಳಿ

ಚಿಕ್ಕಪ್ಪ, ಇಷ್ಟನ್ನೂ ಟೈಪ್ ಮಾಡ್ತಾ ಕೂತ್ರೆ ಬೆಳಗಾಗತ್ತೆ, ಮಾತಾಡೇ ಬಿಡ್ತೀನಿ. ಅಮೆರಿಕದ ರಾಜ್ಯಗಳು ತಮ್ಮದೇ ಬ್ಯಾಂಕ್ ತೆಗೀಬೇಕಾ ಅನ್ನೋ ಚರ್ಚೆ ನಾನು ಗ್ರೂಪಿಗೆ ಹಾಕಿದ್ದಕ್ಕೆ ನೀವು "ಅಲ್ಲೂ ಸಾಲಮೇಳ ಶುರುವಾ?" ಅಂದ್ರಲ್ಲ, ಅದಕ್ಕೆ ಉತ್ತರ ಇದು. ಬ್ಯಾಂಕಲ್ಲೇ ಸರ್ವೀಸ್ ಮುಗಿಸಿದವರು ನೀವು, ರಾಜಕಾರಣಿಗಳ ಮಾತಿಗೆ ಸಾಲ ಹಂಚಿ ಮುಳುಗಿಸ್ತಾರೆ ಅನ್ನೋ ನಿಮ್ಮ ಭಯ ಸುಮ್ನೆ ಅಲ್ಲ. ಆದ್ರೆ ಅಮೆರಿಕದ ನಾರ್ತ್ ಡಕೋಟ ರಾಜ್ಯದ್ದು ಬೇರೆ ಥರ.

ಅಲ್ಲಿ 1919ರಿಂದ ರಾಜ್ಯದ್ದೇ ಬ್ಯಾಂಕ್ ಇದೆ. ಗೋಧಿ ಬೆಳೆಯೋ ರೈತರು ಸಾಲಕ್ಕೂ ಬೆಲೆಗೂ ಪಕ್ಕದ ರಾಜ್ಯದ ಮಿನಿಯಾಪೊಲಿಸ್ ನಗರದ ಬ್ಯಾಂಕಿನವರು, ಧಾನ್ಯದ ವ್ಯಾಪಾರಿಗಳ ಮುಂದೆ ಕೈಕಟ್ಟಿ ನಿಲ್ಬೇಕಿತ್ತು. ರೋಸಿಹೋಗಿ ನಾನ್‌ಪಾರ್ಟಿಸನ್ ಲೀಗ್ ಅಂತ ತಮ್ಮದೇ ರಾಜಕೀಯ ಸಂಘಟನೆ ಕಟ್ಟಿ, ಚುನಾವಣೆ ಗೆದ್ದು, 20 ಲಕ್ಷ ಡಾಲರ್ ಬಂಡವಾಳ ಹಾಕಿ ಬ್ಯಾಂಕ್ ತೆಗೆದ್ರು.

ಈಗ ಅದು ನಡೆಯೋ ರೀತಿ ನೋಡಿ. ರಾಜಧಾನಿ ಬಿಸ್ಮಾರ್ಕಲ್ಲಿ ಒಂದೇ ಆಫೀಸು, ಊರೂರಿಗೆ ಬ್ರಾಂಚ್ ಇಲ್ಲ. ಸಾಲ ಬೇಕಾದ ರೈತ ಹೋಗೋದು ತನ್ನೂರಿನ ಖಾಸಗಿ ಬ್ಯಾಂಕಿಗೇ. ಕಾಗದಪತ್ರ, ಜಮೀನು, ಹಳೇ ಬಾಕಿ ಎಲ್ಲಾ ನೋಡೋದು ಅಲ್ಲಿನ ಮ್ಯಾನೇಜರ್ರೇ. ಮೊತ್ತ ಜಾಸ್ತಿಯಾಗಿ ಆ ಸಣ್ಣ ಬ್ಯಾಂಕಿಗೆ ಒಬ್ಬನಿಗೇ ಅಷ್ಟು ಕೊಡೋಕೆ ಮಿತಿ ಅಡ್ಡ ಬಂತು ಅನ್ಕೊಳ್ಳಿ, ಆಗ ಸಾಲದ ಒಂದು ಪಾಲನ್ನ ರಾಜ್ಯದ ಬ್ಯಾಂಕ್ ತಗೊಳತ್ತೆ. ಗಿರಾಕಿ ಊರ ಬ್ಯಾಂಕಿಗೇ ಉಳೀತಾನೆ. ಸಾಲ ಮುಳುಗಿದ್ರೆ ಆ ಬ್ಯಾಂಕಿನ ದುಡ್ಡೂ ಮುಳುಗತ್ತೆ. ಯಾವನೋ ಪುಢಾರಿ ಫೋನ್ ಮಾಡ್ದ ಅಂತ ಸಹಿ ಹಾಕೋ ಜಾಗವೇ ಅಲ್ಲ ಅದು. ನನಗೆ ಇದರಲ್ಲಿ ಹಿಡಿಸಿದ್ದೇ ಈ ಏರ್ಪಾಟು.

ರಾಜಕಾರಣಿಗಳು ಇಲ್ವೇ ಇಲ್ವಾ ಅಂದ್ರೆ, ಇದಾರೆ. ನಮ್ಮ ಮುಖ್ಯಮಂತ್ರಿ ಥರದ ಗವರ್ನರ್, ಸರ್ಕಾರದ ಮುಖ್ಯ ವಕೀಲ ಅಟಾರ್ನಿ ಜನರಲ್, ಕೃಷಿ ಕಮಿಷನರ್, ಜನರೇ ಆರಿಸಿದ ಈ ಮೂವರದ್ದೇ ಮೇಲ್ವಿಚಾರಣೆ. ಮಜಾ ಅಂದ್ರೆ 1921ರಲ್ಲಿ ಜನ ವೋಟ್ ಹಾಕಿ ಆ ಮೂವರನ್ನೂ ಮಧ್ಯದಲ್ಲೇ ಮನೆಗೆ ಕಳಿಸಿದ್ರು, ಬ್ಯಾಂಕನ್ನ ಮಾತ್ರ ಉಳಿಸ್ಕೊಂಡ್ರು!

ನನಗೂ ಅಳುಕು ಇಲ್ದೆ ಇಲ್ಲ. ರಾಜ್ಯದ ತೆರಿಗೆ ದುಡ್ಡೆಲ್ಲಾ ಅದೇ ಬ್ಯಾಂಕಲ್ಲಿ ಠೇವಣಿ. ಅದಕ್ಕೆ ಕೇಂದ್ರದ ಡೆಪಾಸಿಟ್ ವಿಮೆ ಇಲ್ಲ, ರಾಜ್ಯ ಸರ್ಕಾರದ್ದೇ ಗ್ಯಾರಂಟಿ. ಅಂದ್ರೆ ದುಡ್ಡು ಇಟ್ಟವನೂ ಜಾಮೀನು ನಿಂತವನೂ ಒಬ್ನೇ. ಕ್ಯಾಲಿಫೋರ್ನಿಯಾ 2019ರಲ್ಲಿ ನಗರಗಳಿಗೂ ಕೌಂಟಿ ಅಂದ್ರೆ ಜಿಲ್ಲೆ ಥರದವಕ್ಕೂ ಬ್ಯಾಂಕ್ ತೆಗೆಯೋಕೆ ಕಾನೂನು ಮಾಡ್ದಾಗ ವಿಮೆ ಕಡ್ಡಾಯ ಮಾಡ್ತು, ಅದು ಸರಿ ಅನ್ಸತ್ತೆ. ಅದರ ಹಿಂದಿನ ವರ್ಷವೇ ಅದೇ ರಾಜ್ಯದ ಲಾಸ್ ಏಂಜಲೀಸ್ ಜನ ನಗರದ ಬ್ಯಾಂಕ್ ಬೇಡ ಅಂತ ವೋಟ್ ಹಾಕಿದ್ರು.

ಬೇರೆ ರಾಜ್ಯಗಳವರು ಇದನ್ನೇ ನಕಲು ಮಾಡ್ತೀವಿ ಅಂದ್ರೆ ನಾನು ಮೊದಲು ಕೇಳೋದು, ಊರ ಬ್ಯಾಂಕುಗಳ ಜೊತೆ ಸೇರಿ ಕೊಡ್ತೀರಾ, ಇಲ್ಲಾ ನೀವೇ ಕೌಂಟರ್ ತೆಗೀತೀರಾ ಅಂತ. ಕೌಂಟರ್ ಅಂದ್ರೆ ನಾನು ನಿಮ್ಮ ಪಕ್ಷ.

ನೀವು ಹಲವು ಬ್ಯಾಂಕುಗಳು ಸೇರಿ ಕೊಡೋ ಕನ್ಸಾರ್ಷಿಯಂ ಸಾಲಗಳನ್ನ ನೋಡಿದವರು. ಜೊತೆಗಿರೋ ಬ್ಯಾಂಕು ಖಂಡಿತಾ ಬೇಡ ಅಂದಾಗ ಮೇಲಿನ ಒತ್ತಡ ನಿಲ್ತಿತ್ತಾ? ಅದೊಂದು ಹೇಳಿ, ವಾಯ್ಸಲ್ಲೇ ಹೇಳಿ.