ಪಾಲುದಾರಿಕೆಗೆ ಯಾರನ್ನು ಆರಿಸಬೇಕು: ಅಪಾರ ಪ್ರತಿಭೆಯವನನ್ನೋ, ನಂಬಿಕೆಗೆ ಅರ್ಹಳಾದವಳನ್ನೋ?

ಪ್ರಶ್ನೆ: ಕಲ್ಸಂಕದ ಲೆಕ್ಕಿಗ, ಉಡುಪಿ

ಮಾನ್ಯರೇ, ಉಡುಪಿಯಲ್ಲಿ ನಮ್ಮದೊಂದು ಸಣ್ಣ ಲೆಕ್ಕಪರಿಶೋಧನಾ ಕಚೇರಿಯಿದೆ. ನಮ್ಮ ಹಿರಿಯ ಪಾಲುದಾರರು ಬರುವ ಮಾರ್ಚ್ ಮುಗಿದ ಮೇಲೆ ನಿವೃತ್ತರಾಗಲಿದ್ದಾರೆ. ಅವರ ಸ್ಥಾನಕ್ಕೆ ಹೊರಗಿನವರನ್ನು ಕರೆತರುವುದಕ್ಕಿಂತ, ನಮ್ಮಲ್ಲೇ ಆರ್ಟಿಕಲ್‌ಶಿಪ್ (ಸಿ.ಎ. ವಿದ್ಯಾರ್ಥಿಗಳ ಕಡ್ಡಾಯ ತರಬೇತಿ) ಮಾಡಿ, ಸಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಇಂದಿಗೂ ನಮ್ಮೊಡನೆಯೇ ದುಡಿಯುತ್ತಿರುವ ಇಬ್ಬರಲ್ಲಿ ಒಬ್ಬರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಆ ಒಬ್ಬರು ಯಾರು ಎಂಬಲ್ಲಿ ನಮ್ಮೊಳಗೆ ಒಮ್ಮತವಿಲ್ಲ.

ಹುಡುಗನದು ಅಪರೂಪದ ಬುದ್ಧಿ. ಗೇರುಬೀಜದ ಕಾರ್ಖಾನೆಯೊಂದರ ಖಾತೆಗಳಲ್ಲಿ ನಾವೆಲ್ಲ ವಾರಗಟ್ಟಲೆ ತಡಕಾಡಿದರೂ ಸಿಗದಿದ್ದ ವ್ಯತ್ಯಾಸವನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಹಿಡಿದುಕೊಟ್ಟ. ಆದರೆ ಅದೇ ಕಾರ್ಖಾನೆಯ ದಾಸ್ತಾನು ಪರಿಶೀಲನೆಗೆ ಕಳುಹಿಸಿದಾಗ ಗೋದಾಮಿಗೆ ಹೋಗದೆಯೇ, ಹಿಂದಿನ ವರ್ಷದ ಹಾಳೆಯನ್ನೂ ಖರೀದಿಯ ಬಿಲ್ಲುಗಳನ್ನೂ ನೋಡಿ ಮೂಟೆಗಳ ಸಂಖ್ಯೆಯನ್ನು ಊಹಿಸಿ ಬರೆದು, ಕೆಳಗೆ ಸಹಿ ಮಾಡಿದ. ಆಮೇಲೆ ನಾವು ಎಣಿಸಿದಾಗ ಅವನ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ನನಗೆ ಹೆಚ್ಚು ಕಳವಳ ತಂದದ್ದು ಅದೇ.

ಹುಡುಗಿಯ ಕೆಲಸ ನಿಧಾನ. ಅವನು ಒಂದು ದಿನದಲ್ಲಿ ಮುಗಿಸುವ ಕಡತಕ್ಕೆ ಅವಳಿಗೆ ಮೂರು ದಿನ ಬೇಕು. ಆದರೆ ಗ್ರಾಹಕರೊಬ್ಬರ ಜಿಎಸ್‌ಟಿ ರಿಟರ್ನ್‌ನಲ್ಲಿ ತನ್ನಿಂದಾದ ತಪ್ಪೊಂದನ್ನು, ಗ್ರಾಹಕರಿಗಾಗಲಿ ಇಲಾಖೆಗಾಗಲಿ ಗೊತ್ತಾಗುವ ಮುನ್ನ, ಬೆಳಿಗ್ಗೆ ಕಚೇರಿಗೆ ಬಂದವಳೇ ತಾನಾಗಿ ಹೇಳಿದಳು. ಆ ಗ್ರಾಹಕರು ಈಗ ಬೇರೆ ಯಾರನ್ನು ಕಳುಹಿಸಿದರೂ ಒಪ್ಪುವುದಿಲ್ಲ.

ಬುದ್ಧಿಯಿದ್ದವನಿಗೆ ಶಿಸ್ತನ್ನು ಕಲಿಸಬಹುದು, ಶಿಸ್ತಿದ್ದವರಿಗೆ ಬುದ್ಧಿಯನ್ನು ತುಂಬಲಾಗದು ಎಂಬುದು ಹಿರಿಯರ ವಾದ. ನನಗೆ ಅದು ತಲೆಕೆಳಗಾಗಿ ಕಾಣುತ್ತದೆ. ಬಹುಕಾಲ ನಿಲ್ಲುವ ಯಶಸ್ಸಿಗೆ ಪ್ರತಿಭೆಗಿಂತ ನಡತೆಯೇ ಮುಖ್ಯ ಎನ್ನುವುದು ಅನುಭವಕ್ಕೆ ನಿಲ್ಲುವ ಮಾತೇ, ಇಲ್ಲವೇ ಸಭೆಗಳಲ್ಲಿ ಹೇಳಲು ಚೆಂದವಿರುವ ಮಾತು ಮಾತ್ರವೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಲೆಕ್ಕಿಗರೇ, ನಿಮ್ಮ ಪ್ರಶ್ನೆಗೆ ನಮ್ಮ ಜಿಲ್ಲೆಯ ಬ್ಯಾಂಕುಗಳ ಚರಿತ್ರೆಯಲ್ಲೇ ಉತ್ತರವಿದೆಯೆಂದು ನನ್ನ ಭಾವನೆ. 1906ರಲ್ಲಿ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕ್ ಎನಿಸಿಕೊಂಡ ಶಾಶ್ವತ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಅದೇ 1906ರ ಅಕ್ಟೋಬರಿನಲ್ಲಿ ಆ ಪ್ರಾಂತ್ಯದ ಅತ್ಯಂತ ಪ್ರತಿಷ್ಠಿತ ಹಣಕಾಸು ಸಂಸ್ಥೆಗಳಲ್ಲೊಂದಾದ ಆರ್ಬತ್‌ನಾಟ್ ಕಂಪನಿ ಕುಸಿದುಬಿತ್ತು. ಅದನ್ನು ನಡೆಸುತ್ತಿದ್ದವರಿಗೆ ವ್ಯವಹಾರ ಜ್ಞಾನದ ಕೊರತೆಯಿತ್ತೆಂದು ಯಾರೂ ಹೇಳಲಾರರು. ಠೇವಣಿದಾರರ ಹಣವನ್ನು ಸಟ್ಟಾ ವ್ಯವಹಾರದಲ್ಲಿ ತೊಡಗಿಸಿ, ಅದನ್ನು ಮುಚ್ಚಿಟ್ಟದ್ದರಿಂದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು, ಸರ್ ಜಾರ್ಜ್ ಆರ್ಬತ್‌ನಾಟ್ ಜೈಲಿಗೆ ಹೋದರು. ಆ ಮನೆತನದ ಹೆಸರಿನ ಮುಂದೆ ನಮ್ಮ ಕರಾವಳಿಯ ಎರಡು ಸಣ್ಣ ನಿಧಿಗಳು ಯಾವ ಲೆಕ್ಕಕ್ಕೂ ಇರಲಿಲ್ಲ. ಆದರೂ ಅವು ಬೆಳೆದವು.

ಇನ್ನೊಂದು ಉದಾಹರಣೆ ನಿಮ್ಮ ಉಡುಪಿಯದೇ. 1925ರಲ್ಲಿ, ಸಂಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದಿನ ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ತಂದರು. ಏಜೆಂಟರು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಕನಿಷ್ಠ ಎರಡಾಣೆ ಸಂಗ್ರಹಿಸುವ ಯೋಜನೆ ಅದು. ಯೋಚಿಸಿ ನೋಡಿ: ಮೀನು ಮಾರುವವಳು, ಬೀಡಿ ಕಟ್ಟುವವಳು, ಗೂಡಂಗಡಿಯವನು ತಮ್ಮ ದಿನದ ಉಳಿತಾಯವನ್ನು ಕೊಡುತ್ತಿದ್ದುದು ಬ್ಯಾಂಕಿನ ಕಟ್ಟಡವನ್ನು ನೋಡಿಯಲ್ಲ, ಸಂಜೆ ಬಾಗಿಲಿಗೆ ಬರುವ ಆ ಒಬ್ಬ ಮನುಷ್ಯನ ಮುಖವನ್ನು ನೋಡಿ. ಅವನಿಗೆ ದೊಡ್ಡ ವಿದ್ಯೆ ಬೇಕಾಗಿರಲಿಲ್ಲ. ಮಳೆಗಾಲವಿರಲಿ, ಜಾತ್ರೆಯಿರಲಿ, ಅವನು ಬರಬೇಕಿತ್ತು, ಮತ್ತು ಕೊಟ್ಟ ಎರಡಾಣೆ ಪುಸ್ತಕದಲ್ಲೂ ಎರಡಾಣೆಯೇ ಆಗಿರಬೇಕಿತ್ತು. ನಾನು ಸೇವೆಯಲ್ಲಿದ್ದ ಕಾಲದಲ್ಲೂ ಒಬ್ಬ ಏಜೆಂಟ್ ಒಂದು ಕೇರಿಯಲ್ಲಿ ಕೈಚಳಕ ತೋರಿಸಿದರೆ ಆ ಕೇರಿಯ ಖಾತೆಗಳು ಮಾತ್ರವಲ್ಲ, ಪಕ್ಕದ ಕೇರಿಯ ಖಾತೆಗಳೂ ಮುಚ್ಚುತ್ತಿದ್ದವು.

ಆದರೆ ಒಂದು ಮಾತನ್ನು ಸೇರಿಸಬೇಕು. ಯಾವ ಬ್ಯಾಂಕೂ ಏಜೆಂಟನ ಒಳ್ಳೆಯತನವೊಂದನ್ನೇ ನಂಬಿ ಕುಳಿತಿರಲಿಲ್ಲ. ಭದ್ರತಾ ಠೇವಣಿ ಪಡೆಯುತ್ತಿದ್ದೆವು, ಗ್ರಾಹಕರ ಕೈಯಲ್ಲಿರುವ ಕಾರ್ಡನ್ನು ಬ್ಯಾಂಕಿನ ಲೆಡ್ಜರಿನೊಡನೆ ಹಠಾತ್ತನೆ ತಾಳೆ ನೋಡುತ್ತಿದ್ದೆವು. ಒಳ್ಳೆಯ ಏಜೆಂಟರು ಈ ತಪಾಸಣೆಗೆ ಎಂದೂ ಬೇಸರಪಟ್ಟವರಲ್ಲ. ಬೇಸರಪಟ್ಟವರ ಕಾರ್ಡುಗಳನ್ನು ನಾವು ಎರಡನೆಯ ಸಲ ನೋಡುತ್ತಿದ್ದೆವು.

ಉತ್ತರ 2: ಬಯಲಾಟಪ್ರಿಯ, ಬ್ರಹ್ಮಾವರ

ಮೇಲಿನ ಹಿರಿಯರ ಮಾತನ್ನು ಗೌರವಿಸುತ್ತಲೇ ತುಸು ಭಿನ್ನವಾದ ಮಾತೊಂದನ್ನು ಹೇಳಬಯಸುತ್ತೇನೆ. ಹಣದ ವ್ಯವಹಾರದಲ್ಲಿ ಪ್ರಾಮಾಣಿಕತೆ ಮುಖ್ಯವೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ನಮ್ಮ ಯಕ್ಷಗಾನದಂತಹ ಕಲೆಯಲ್ಲಿ ಹಾಗೆ ಹೇಳಲಾದೀತೇ? ಬಣ್ಣ ಹಚ್ಚುವ ಚೌಕಿಗೆ ತಡವಾಗಿ ಬರುತ್ತಿದ್ದ, ಮುಂಗಡ ಪಡೆದು ಮೇಳ ಬಿಟ್ಟುಹೋಗುತ್ತಿದ್ದ ವೇಷಧಾರಿಗಳನ್ನು ಪ್ರೇಕ್ಷಕರು ಇಂದಿಗೂ ಕಣ್ಣಲ್ಲಿ ನೀರು ತುಂಬಿಕೊಂಡು ನೆನೆಯುತ್ತಾರೆ. ತಿರುಗಾಟದುದ್ದಕ್ಕೂ ಒಂದು ದಿನವೂ ತಪ್ಪದೆ ನಿತ್ಯವೇಷ ಮಾಡಿದವರ ಹೆಸರನ್ನು ಮರೆತಿದ್ದಾರೆ. ಇದು ನ್ಯಾಯವಲ್ಲದಿರಬಹುದು, ಆದರೆ ನಡೆದಿರುವುದು ಹೀಗೆಯೇ.

ಹಾಗಿದ್ದರೂ ನಿಮ್ಮ ಪಕ್ಷಕ್ಕೆ ಬಲ ಕೊಡುವ ಸಂಗತಿಯೊಂದು ಯಕ್ಷಗಾನದಲ್ಲಿದೆ. ಮೇಳಗಳ ತಿರುಗಾಟ ನವೆಂಬರಿನ ಸುಮಾರಿಗೆ ಹೊರಟು ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಗೆ ಮುಗಿಯುತ್ತದೆ. ಬಹುಪಾಲು ಪ್ರತಿ ರಾತ್ರಿಯೂ ಹೊಸ ಊರು, ಹೊಸ ಪ್ರಸಂಗ. ಭಾಗವತರು ಹಾಡುವ ಪದ್ಯಗಳು ಬರಹದಲ್ಲಿರುತ್ತವೆ, ಆದರೆ ಮಾತು ಆಶುವಾದದ್ದು. ರಂಗದ ಮೇಲೆ ಇದಿರು ವೇಷದವನು ಏನು ಕೇಳುತ್ತಾನೆಂಬುದು ಕೇಳುವವರೆಗೂ ಗೊತ್ತಿಲ್ಲ. ಇಂತಹ ಕಲೆಯಲ್ಲಿ ಅಪಾರ ಪ್ರತಿಭೆಯುಳ್ಳ ಅರ್ಥಧಾರಿಗೆ, ಅಂದರೆ ಪಾತ್ರವಾಗಿ ಮಾತಾಡುವವನಿಗೆ, ಒಂದು ದೊಡ್ಡ ಆಮಿಷವಿದೆ: ಪ್ರಸಂಗಕ್ಕೆ ಸಂಬಂಧವೇ ಇಲ್ಲದ ಶಾಸ್ತ್ರದ ಪ್ರಶ್ನೆಯೊಂದನ್ನು ಎಸೆದು, ಎಳೆಯ ಕಲಾವಿದನ ಬಾಯಿ ಕಟ್ಟಿಸಿ, ಚಪ್ಪಾಳೆ ಗಿಟ್ಟಿಸುವುದು. ವೇಷ, ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಂತೂ ಇದು ಇನ್ನೂ ಸುಲಭ. ಆ ರಾತ್ರಿ ಗೆದ್ದವನು ಅವನೇ. ಆದರೆ ಮರುವರ್ಷ ಅವನಿಗೆ ಇದಿರು ಕೂರಲು ಒಳ್ಳೆಯವರು ಒಪ್ಪುವುದಿಲ್ಲ, ಒಪ್ಪಿದವರು ಎರಡು ಮಾತಾಡಿ ಸುಮ್ಮನಾಗುತ್ತಾರೆ, ಸಂವಾದವೇ ಸತ್ತಮೇಲೆ ಅವನ ಪಾಂಡಿತ್ಯ ಭಾಷಣವಾಗಿಬಿಡುತ್ತದೆ. ಇದಿರಾಳಿಯ ಒಂದು ಸಾಧಾರಣ ಮಾತನ್ನೂ ಎತ್ತಿಕೊಂಡು, ಅದಕ್ಕೆ ಅರ್ಥ ಬರುವಂತೆ ಉತ್ತರ ಕೊಟ್ಟು, ಅವನನ್ನೂ ಬೆಳಗಿಸುವವನೊಡನೆ ಆಡಲು ಎಲ್ಲರಿಗೂ ಇಷ್ಟ. ಇಪ್ಪತ್ತು ತಿರುಗಾಟ ಕಳೆದರೂ ಅವನ ಆಟಕ್ಕೆ ಜನ ಸೇರುವುದು ಅವನ ಪ್ರತಿಭೆಗಾಗಿಯೇ ನಿಜ, ಆದರೆ ಆ ಪ್ರತಿಭೆ ಪ್ರಕಟವಾಗಲು ಬೇಕಾದ ಇನ್ನೊಬ್ಬನನ್ನು ಅವನಿಗೆ ಉಳಿಸಿಕೊಟ್ಟದ್ದು ಅವನ ನಡತೆ.



ಉತ್ತರ 3: ಮನಃಶಾಸ್ತ್ರದ ಅಧ್ಯಾಪಕಿ, ಮಣಿಪಾಲ

ಸಂಶೋಧನೆಗಳು ಮೇಲೆ ಉತ್ತರಿಸಿದ ಇಬ್ಬರಿಗೂ ಪೂರ್ತಿ ಸಮಾಧಾನ ಕೊಡುವುದಿಲ್ಲ.

1921ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅತ್ಯಧಿಕ ಅಂಕ ಪಡೆದ ಒಂದೂವರೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ, ಅವರ ಜೀವನವನ್ನು ದಶಕಗಳ ಕಾಲ ಗಮನಿಸುವ ಅಧ್ಯಯನವನ್ನು ಕೈಗೊಂಡರು. ಪರೀಕ್ಷೆಗೆ ಒಳಗಾದರೂ ಆಯ್ಕೆಯಾಗದೆ ಉಳಿದ ಮಕ್ಕಳಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಕೂಡ ಇದ್ದರು. ಮುಂದೆ 1956 ಮತ್ತು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು ಇವರೇ. ಆಯ್ಕೆಯಾದ ಪುರುಷರಲ್ಲಿ ಅತ್ಯಂತ ಯಶಸ್ವಿಗಳನ್ನೂ ಅತ್ಯಂತ ಹಿಂದುಳಿದವರನ್ನೂ ಟರ್ಮನ್ ಹೋಲಿಸಿದಾಗ ಬುದ್ಧಿಮತ್ತೆಯ ಅಂತರ ಅಲ್ಪವಾಗಿತ್ತು. ಎದ್ದುಕಂಡದ್ದು ಹಿಡಿದ ಕೆಲಸವನ್ನು ಬಿಡದ ಸ್ವಭಾವ, ಗುರಿಯ ಸ್ಪಷ್ಟತೆ ಮತ್ತು ಆತ್ಮವಿಶ್ವಾಸ. ತಂದೆತಾಯಿಯ ವಿದ್ಯಾಭ್ಯಾಸವೂ ಹೌದು ಎಂಬುದನ್ನು ಮರೆಯಬಾರದು.

ಆದರೆ ಶಾಕ್ಲಿಯ ಉದಾಹರಣೆಯನ್ನು ಹೇಳುವವರು ಮುಂದಿನ ಕಥೆಯನ್ನು ಬಿಟ್ಟುಬಿಡುತ್ತಾರೆ. ಟ್ರಾನ್ಸಿಸ್ಟರಿನ ಆವಿಷ್ಕಾರದಲ್ಲಿ ಪಾಲುಳ್ಳ ಆ ಮೇಧಾವಿ ಸ್ಥಾಪಿಸಿದ ಪ್ರಯೋಗಾಲಯದಿಂದ, ಅವರ ಸಂಶಯ ಸ್ವಭಾವವನ್ನೂ ಆಡಳಿತದ ರೀತಿಯನ್ನೂ ಸಹಿಸಲಾಗದೆ, 1957ರಲ್ಲಿ ಎಂಟು ಮಂದಿ ಒಟ್ಟಿಗೇ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಆರಂಭಿಸಿದರು. ಶಾಕ್ಲಿಯವರ ಉದ್ಯಮ ಎಂದೂ ಲಾಭ ಕಾಣಲಿಲ್ಲ. ಬಯಲಾಟಪ್ರಿಯರು ಹೇಳಿದ ಅರ್ಥಧಾರಿಗೂ ಇವರಿಗೂ ದೂರವೇನಿಲ್ಲ.

ಇನ್ನು ಉದ್ಯೋಗದ ವಿಷಯ. ವೃತ್ತಿ ಯಾವುದೇ ಇರಲಿ, ಕೆಲಸದಲ್ಲಿನ ಸಾಧನೆಯೊಡನೆ ಸ್ಥಿರವಾಗಿ ನಂಟು ತೋರುವ ಸ್ವಭಾವಗುಣವೆಂದರೆ ಕರ್ತವ್ಯನಿಷ್ಠೆ ಎಂದು ಸಂಶೋಧಕರಾದ ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಆದರೆ 1998ರಲ್ಲಿ ಶ್ಮಿಟ್ ಮತ್ತು ಹಂಟರ್ ನಡೆಸಿದ ಇನ್ನೂ ವ್ಯಾಪಕವಾದ ವಿಶ್ಲೇಷಣೆಯಲ್ಲಿ ಕೆಲಸದಲ್ಲಿನ ಸಾಧನೆಯನ್ನು ಮೊದಲೇ ಊಹಿಸುವುದರಲ್ಲಿ ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆ ಕರ್ತವ್ಯನಿಷ್ಠೆಗಿಂತ ಮುಂದಿತ್ತು. ಬುದ್ಧಿಶಕ್ತಿಯ ಜೊತೆಗೆ ಪ್ರಾಮಾಣಿಕತೆಯ ಪರೀಕ್ಷೆಯನ್ನೂ ಸೇರಿಸಿದಾಗ ಮುನ್ಸೂಚನೆ ಅತ್ಯುತ್ತಮವಾಗಿತ್ತು. ಆದ್ದರಿಂದ ಪ್ರತಿಭೆ ಗೌಣ ಎಂಬ ಮಾತಿಗೆ ಆಧಾರವಿಲ್ಲ. ನಿಮ್ಮ ಇಬ್ಬರೂ ಸಿ.ಎ. ಪರೀಕ್ಷೆಯನ್ನು ದಾಟಿ ಬಂದವರು. ಬೇಕಾದಷ್ಟು ಬುದ್ಧಿ ಇಬ್ಬರಲ್ಲೂ ಇದೆಯೆಂದು ಆ ಪರೀಕ್ಷೆಯೇ ಹೇಳಿದೆ. ಹೀಗಿರುವಾಗ ಉಳಿದ ಅಂತರವನ್ನು ನಡತೆಯಿಂದ ಅಳೆಯುವುದು ತಪ್ಪಲ್ಲ. ಪರೀಕ್ಷೆಯನ್ನೇ ದಾಟದವರ ನಡುವೆ ಆರಿಸಬೇಕಾಗಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ.

ಉತ್ತರ 4: ಸುರತ್ಕಲ್ ವಾಸಿ

ನನಗೆ ಈ ಚರ್ಚೆಯ ದಿಕ್ಕೇ ಸರಿಕಾಣುತ್ತಿಲ್ಲ. ನಡತೆ ಒಳ್ಳೆಯದು ಎಂಬ ಪ್ರಮಾಣಪತ್ರವನ್ನು ಯಾವಾಗಲೂ ಬರೆಯುವವರು ಮೇಲಿನವರು. ಎದುರು ಮಾತಾಡದವನು ಗುಣವಂತ, ಪ್ರಶ್ನಿಸುವವನು ಉದ್ಧಟ ಎಂದು ತೀರ್ಮಾನಿಸುವ ಕಚೇರಿಗಳನ್ನು ನಾನು ಬಹಳ ನೋಡಿದ್ದೇನೆ. ಚಿಕ್ಕ ಮಕ್ಕಳ ಮುಂದೆ ಮಿಠಾಯಿ ಇಟ್ಟು ತಾಳ್ಮೆಯನ್ನು ಅಳೆದ ಪ್ರಸಿದ್ಧ ಪ್ರಯೋಗವನ್ನು 2018ರಲ್ಲಿ ಹೆಚ್ಚು ಮಕ್ಕಳೊಡನೆ ಮರಳಿ ಪರಿಶೀಲಿಸಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ತಾಳ್ಮೆಗೂ ಮುಂದಿನ ಸಾಧನೆಗೂ ಕಂಡಿದ್ದ ನಂಟು ಬಹುಮಟ್ಟಿಗೆ ಕರಗಿಹೋಯಿತು. ಮೇಡಂ ಅವರು ಅದನ್ನೂ ಹೇಳಬೇಕಿತ್ತು.

ಲೆಕ್ಕಿಗರಲ್ಲಿ ನನ್ನದೊಂದು ನೇರವಾದ ಪ್ರಶ್ನೆ. ಆ ಹುಡುಗ ಗೋದಾಮಿಗೆ ಏಕೆ ಹೋಗಲಿಲ್ಲವೆಂದು ಯಾರಾದರೂ ಅವನನ್ನು ಕೇಳಿದ್ದೀರಾ? ವರ್ಷಾಂತ್ಯದ ದಿನಗಳಲ್ಲಿ ಚುರುಕಾದವನ ಮೇಜಿನ ಮೇಲೆಯೇ ಎಲ್ಲ ಕಡತಗಳೂ ಬಂದು ಬೀಳುತ್ತವೆ. ನಿಧಾನವಾದವಳಿಗೆ ಕಡಿಮೆ ಕೆಲಸ ಕೊಟ್ಟು, ಅವನಿಗೆ ಹೆಚ್ಚು ಹೇರಿ, ಆಮೇಲೆ ಅವಳ ನಿಷ್ಠೆಯನ್ನೂ ಅವನ ಅಡ್ಡದಾರಿಯನ್ನೂ ಹೋಲಿಸುವುದು ನ್ಯಾಯವೇ?

ಉತ್ತರ 5: ಕೊಡಿಯಾಲ್‌ಬೈಲ್ ಸಿ.ಎ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಸುರತ್ಕಲ್‌ನವರ ಪ್ರಶ್ನೆ ನ್ಯಾಯವಾದದ್ದು, ಮೊದಲು ಅದನ್ನು ಕೇಳಿ. ಆದರೆ ನಮ್ಮ ವೃತ್ತಿಯಲ್ಲಿ ಪಾಲುದಾರರನ್ನು ಆರಿಸುವುದೆಂದರೆ ಸಹಿ ಹಾಕುವವರನ್ನು ಆರಿಸುವುದು. 2019ರಿಂದ ನಾವು ದೃಢೀಕರಿಸುವ ಪ್ರತಿ ದಾಖಲೆಗೂ ಅಂಕಿ, ಅಕ್ಷರಗಳು ಸೇರಿ ಹದಿನೆಂಟು ಸ್ಥಾನಗಳ ಯುಡಿಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. ಯಾರ ಮಾತಿನ ಮೇಲೆ ಬ್ಯಾಂಕು ಸಾಲ ಕೊಟ್ಟಿತೆಂಬುದನ್ನು ಎಷ್ಟು ವರ್ಷಗಳ ಮೇಲೂ ಹುಡುಕಿ ತೆಗೆಯಬಹುದು. 2009ರ ಜನವರಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಸಂಸ್ಥೆ ಸತ್ಯಂ ಕಂಪನಿಯ ಅಧ್ಯಕ್ಷರು ತಾವೇ ಪತ್ರ ಬರೆದು ಒಪ್ಪಿಕೊಂಡಾಗ, ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ಐದು ಸಾವಿರ ಕೋಟಿಗೂ ಹೆಚ್ಚು ಹಣ ಇರಲೇ ಇಲ್ಲವೆಂದು ತಿಳಿಯಿತು. ಬ್ಯಾಂಕಿನಲ್ಲಿ ಹಣ ಇದೆಯೇ ಎಂದು ಬ್ಯಾಂಕಿನಿಂದಲೇ ನೇರವಾಗಿ ತಿಳಿದುಕೊಳ್ಳಲು ಮಹಾ ಬುದ್ಧಿ ಬೇಕಾಗಿಲ್ಲ. ಅದು ಗೋದಾಮಿಗೆ ಹೋಗಿ ಮೂಟೆ ಎಣಿಸುವಂತಹದೇ ಕೆಲಸ.

ಪ್ರಶ್ನೆ ಕೇಳಿದವರ ಮರುಮಾತು: ಕಲ್ಸಂಕದ ಲೆಕ್ಕಿಗ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಸುರತ್ಕಲ್‌ನವರ ಸೂಚನೆಯಂತೆ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಆ ತಿಂಗಳು ಅವನ ಮೇಲೆ ಕೆಲಸದ ಹೊರೆ ಹೆಚ್ಚಿತ್ತೆಂಬುದು ನಿಜ, ಅದನ್ನು ಕಡತಗಳ ಪಟ್ಟಿ ನೋಡಿ ನಾನೂ ಖಚಿತಪಡಿಸಿಕೊಂಡೆ. ಅದೊಂದನ್ನೇ ಅವನು ಹೇಳಿದ್ದರೆ ನಾನು ವಿಷಯವನ್ನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಅವನು, "ಹೋಗಿದ್ದರೂ ಇದೇ ಅಂಕಿ ಬರುತ್ತಿತ್ತಲ್ಲ ಸರ್," ಎಂದ. ಅದರಲ್ಲಿ ಅಹಂಕಾರವಿರಲಿಲ್ಲ. ನಾನು ಏನನ್ನು ಕೇಳುತ್ತಿದ್ದೇನೆ ಎಂಬುದೇ ಅವನಿಗೆ ತಿಳಿದಿರಲಿಲ್ಲ.

ಹಿರಿಯರೊಡನೆ ಮಾತಾಡಿ, ಪಾಲುದಾರಿಕೆಯನ್ನು ಹುಡುಗಿಗೆ ಕೊಡುವುದೆಂದು ತೀರ್ಮಾನಿಸಿದ್ದೇವೆ. ಅವನನ್ನು ಕಳೆದುಕೊಳ್ಳುವ ಇಚ್ಛೆ ನಮಗಿಲ್ಲ. ಸಂಬಳ ಹೆಚ್ಚಿಸಿ, ತೆರಿಗೆ ಮೇಲ್ಮನವಿಗಳ ವಿಭಾಗವನ್ನು ಪೂರ್ತಿಯಾಗಿ ಅವನಿಗೆ ವಹಿಸುತ್ತೇವೆ. ಅಲ್ಲಿ ಎಲ್ಲವೂ ಕಾಗದದಲ್ಲಿರುತ್ತದೆ, ಎದುರು ಪಕ್ಷದವರು ಪ್ರತಿ ಸಾಲನ್ನೂ ಓದುತ್ತಾರೆ, ಅವನ ಬುದ್ಧಿಗೆ ತಕ್ಕ ಕೆಲಸವೂ ಇದೆ. ದಾಸ್ತಾನು ಪರಿಶೀಲನೆಗೆ ಇನ್ನು ಮುಂದೆ ಯಾರೇ ಹೋದರೂ ಗೋದಾಮಿನ ಮೇಸ್ತ್ರಿಯ ಸಹಿಯಿರುವ ಎಣಿಕೆಯ ಹಾಳೆಯನ್ನು ತರಬೇಕೆಂಬ ನಿಯಮ ಮಾಡಿದ್ದೇವೆ, ಹೊಸ ಪಾಲುದಾರಳಿಗೂ ಅದು ಅನ್ವಯಿಸುತ್ತದೆ. ಹುಡುಗನಿಗೆ ಈ ತೀರ್ಮಾನವನ್ನೂ ಅದರ ಕಾರಣವನ್ನೂ ಸೋಮವಾರ ನಾನೇ ತಿಳಿಸಲಿದ್ದೇನೆ. ಹಿರಿಯರು ಕಾರಣವನ್ನು ಹೇಳುವುದು ಬೇಡ ಎನ್ನುತ್ತಿದ್ದಾರೆ, ನಾನು ಒಪ್ಪಿಲ್ಲ.